ಟಾಂಗೋ ಪದ್ಯಕ್ಕೆ ಅರ್ಥ ಹೇಳಿದ್ದು

ಮೊದಲ ನಮಸ್ಕಾರ ಇಡಗುಂಜಿಯ ಮಹಾಗಣಪತಿಗೆ. ಮೊರದಗಲದ ಕಿವಿಯುಳ್ಳ ಆ ದೇವರು ನಮ್ಮ ಸೀಮೆಯ ಎಷ್ಟು ಜನರ ಎಷ್ಟು ಬಗೆಯ ಗದ್ದಲವನ್ನು ನಿಂತೇ ಆಲಿಸುತ್ತಿದ್ದಾನೆ ಎಂಬುದನ್ನು ನೆನೆದರೆ ಕೈಗಳು ತಾವಾಗಿ ಕೂಡಿಕೊಳ್ಳುತ್ತವೆ. ಎರಡನೆಯದು ನನಗೆ ಅಕ್ಷರವನ್ನೂ ಸ್ವರವನ್ನೂ ಕಲಿಸಿ, ಎರಡರಲ್ಲಿಯೂ ನಾನು ಹೆಚ್ಚು ದೂರ ಹೋಗಲಾರೆನೆಂದು ತಿಳಿದ ಮೇಲೂ ಕಲಿಸುವುದನ್ನು ಬಿಡದ ಗುರುಗಳಿಗೆ. ಮೂರನೆಯದು ಸಮುದ್ರದಾಚೆಯ ಯಾವುದೋ ಬಂದರಿನ ಊರಿನಲ್ಲಿ, ಎಂದೋ ಒಂದು ದಿನ, ಕುರ್ಚಿಗಳ ಮೇಲೆ ಸಾಲಾಗಿ ಕುಳಿತು ವಾದ್ಯ ನುಡಿಸಿದ ಹತ್ತು ಹನ್ನೊಂದು ಜನರಿಗೆ. ಅವರ ಹೆಸರು ನನಗೆ ಗೊತ್ತಿಲ್ಲ. ಅವರಾರೂ ಈಗ ಬದುಕಿರಲಾರರು. ಆದರೂ ಅವರ ಋಣ ನನ್ನ ಮೇಲಿದೆ.

ಈ ಮೂರನೆಯ ನಮಸ್ಕಾರಕ್ಕೆ ನಿಮಿತ್ತವಾದದ್ದು ಒಂದು ಪೆನ್ ಡ್ರೈವ್. ಮೊನ್ನೆ ಬೆಳಿಗ್ಗೆ ಪೂಜೆಗೆ ಅಣಿಮಾಡುತ್ತಿದ್ದ ನನ್ನ ಮಡದಿ ದೇವರ ಸಂಪುಟದೊಳಗಿಂದ, ಗಂಧದ ಕೊರಡಿಗೂ ಜನಿವಾರದ ಸುರುಳಿಗೂ ನಡುವಿನಿಂದ, ಅದನ್ನು ಎರಡು ಬೆರಳುಗಳಲ್ಲಿ ಹಿಡಿದೆತ್ತಿದಳು.

“ಇದೆಂತದು? ಇದಕ್ಕೂ ಅಭಿಷೇಕ ಮಾಡವ?”

“ಅದರೊಳಗೆ ಸಂಗೀತ ಇದ್ದು. ಕಳದು ಹೋಪಲಾಗ ಹೇಳಿ ಅಲ್ಲಿಟ್ಟಿದ್ದೆ” ಎಂದೆ.

“ಯಾರ ಸಂಗೀತ?”

“ಗೊತ್ತಿಲ್ಲೆ.”

“ಯಾವ ರಾಗ?”

“ಅದೂ ಗೊತ್ತಿಲ್ಲೆ.”

“ಯಾರದ್ದು ಹೇಳಿ ಗೊತ್ತಿಲ್ಲೆ, ಎಂತದು ಹೇಳಿ ಗೊತ್ತಿಲ್ಲೆ. ದೇವರ ಪಕ್ಕದಲ್ಲಿ ಮಾತ್ರ ಕೂರ್ಸಿದ್ರಿ” ಎಂದು ಅವಳು ಅದನ್ನು ಒರೆಸಿ, ಎಲ್ಲಿತ್ತೋ ಅಲ್ಲಿಯೇ ಇಟ್ಟಳು. ಒರೆಸಿದ್ದು ದೇವರ ವಸ್ತ್ರದಿಂದಲೇ ಎಂಬುದನ್ನು ನಾನು ಗಮನಿಸಿದೆ.

ನಾನು ಹೊನ್ನಾವರದ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದವನು. ಊರವರಿಗೆ ಮಾಸ್ತರ. ಶಾಲೆ ಬಿಟ್ಟರೆ ನನ್ನ ಜೀವಮಾನದ ವ್ಯಸನ ತಾಳಮದ್ದಳೆ. ನಮ್ಮ ಕರಾವಳಿಯವರಲ್ಲದ ಓದುಗರಿಗಾಗಿ ಎರಡು ಮಾತು ಹೇಳಬೇಕು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಕೈಯಲ್ಲಿ ತಾಳ ಹಿಡಿದು ಪುರಾಣಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಅದು ಮುಗಿದೊಡನೆ ಆಯಾ ಪಾತ್ರಕ್ಕೆ ಕುಳಿತವರು ಆ ಪದ್ಯದ ಭಾವವನ್ನು ತಮ್ಮದೇ ಮಾತಿನಲ್ಲಿ, ಆಗಲೇ ಕಟ್ಟಿಕೊಂಡು, ಬೆಳೆಸಿ ಹೇಳುತ್ತಾರೆ. ಈ ಹೇಳುವಿಕೆಗೆ ನಮ್ಮಲ್ಲಿ ‘ಅರ್ಥ’ ಎಂದೇ ಹೆಸರು. ನಾನು ಅರ್ಥ ಹೇಳುವವನು.

ಹೇಳುವವನು ಎಂದರೆ ಸಾಲದು. ನನ್ನ ಅರ್ಥ ಸ್ವಲ್ಪ ದೀರ್ಘ. ಒಮ್ಮೆ ಇಡಗುಂಜಿಯ ಹತ್ತಿರದ ಕೂಟವೊಂದರಲ್ಲಿ ನನ್ನ ಎದುರು ಪಾತ್ರದವರು ಎದ್ದು ಹೋಗಿ, ಅಂಗಡಿಯಲ್ಲಿ ಚಹಾ ಕುಡಿದು, ಪರಿಚಯದವರೊಬ್ಬರ ಮಗಳ ಮದುವೆಯ ವಿಚಾರವನ್ನೂ ಮಾತಾಡಿ ಮುಗಿಸಿ ಬಂದು ಕುಳಿತಾಗ ನಾನಿನ್ನೂ ಪೀಠಿಕೆಯಲ್ಲಿಯೇ ಇದ್ದೆನಂತೆ. ಅಂದು ಇದನ್ನು ನಾನು ಪ್ರಶಂಸೆಯೆಂದೇ ತಿಳಿದಿದ್ದೆ.

ನನ್ನ ಈ ದೈರ್ಘ್ಯವನ್ನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ತಾಳಿಕೊಂಡ ಭಾಗವತರು ಭಟ್ಕಳದ ಹತ್ತಿರದ ಮುಟ್ಟಳ್ಳಿಯ ಮಂಜಪ್ಪ ನಾಯ್ಕರು. ಗದ್ದೆ ಮಾಡಿಕೊಂಡಿದ್ದವರು. ಅವರ ಕಂಠ ತೀರ ನಯವಾದದ್ದಲ್ಲ. ತುದಿಯಲ್ಲಿ ಒಂದಿಷ್ಟು ಮರಳು ಬೆರೆತಂತಿರುತ್ತಿತ್ತು. ಕರುಣದ ಪದ್ಯದಲ್ಲಿ ಆ ಮರಳು ಕೇಳುವವರ ಗಂಟಲಿಗೆ ಬಂದು ಸೇರುತ್ತಿತ್ತು. ಅವರು ಪದ್ಯ ಬಿಟ್ಟ ಜಾಗದಿಂದ ಮಾತು ಎತ್ತಿಕೊಳ್ಳುವುದೆಂದರೆ ಬೇರೆಯವರು ಒಲೆ ಹೊತ್ತಿಸಿ ನೀರು ಕಾಸಿಟ್ಟ ಮೇಲೆ ಹೋಗಿ ಸ್ನಾನ ಮಾಡಿದಷ್ಟೇ ಸುಲಭ. ಜನ ಮೆಚ್ಚಿದ್ದು ನನ್ನ ಮಾತನ್ನೋ ಅವರ ಸ್ವರದ ಕಾವನ್ನೋ ಎಂಬ ಸಂದೇಹ ನನಗೆ ಬಂದದ್ದೇ ಇಲ್ಲ.

ಒಂದು ವರ್ಷ ಅವರ ಸ್ವರದಲ್ಲಿ ಮರಳು ಹೆಚ್ಚಾಯಿತು. ಕಾಳುಮೆಣಸು, ಜೇನುತುಪ್ಪ, ಜ್ಯೇಷ್ಠಮಧು ಎಂದು ನಾನು ಒಂದಾದ ಮೇಲೊಂದು ಉಪಚಾರ ಹೇಳಿದೆ, ಶ್ಲೋಕಸಮೇತ. ವೈದ್ಯರಿಗೆ ತೋರಿಸಿ ಎಂಬ ಒಂದು ಮಾತು ಮಾತ್ರ ಇಷ್ಟು ಮಾತಿನವನಾದ ನನ್ನ ಬಾಯಿಂದ ಹೊರಡಲಿಲ್ಲ. ಕೊನೆಗೆ ದೂರದ ದೊಡ್ಡ ಆಸ್ಪತ್ರೆಯಲ್ಲಿ ಗಂಟಲಿನ ಗಡ್ಡೆಯೊಂದಿಗೆ ಸ್ವರದ ಪೆಟ್ಟಿಗೆಯನ್ನೂ ತೆಗೆದರು. ಜೀವ ಉಳಿಯಿತು. ಮಂಜಪ್ಪನವರು ಒಂದು ಪಾಟಿಯನ್ನೂ ಬಳಪವನ್ನೂ ಹಿಡಿದುಕೊಂಡು ಮನೆಗೆ ಬಂದರು.

ನೋಡಲು ಹೋದೆ. ಕೂಟಕ್ಕೆ ಬಂದು ಸುಮ್ಮನೆ ಕುಳಿತರೂ ಸಾಕು ಎಂದೆ. ಅವರು ಪಾಟಿಯ ಮೇಲೆ ಬರೆದರು: ‘ಹಾಡೂಕೆ ಬರದ ಭಾಗವತ ಎಂತಕ್ಕೆ? ಬೇರೆಯವ್ರನ್ನ ನೋಡ್ಕಳಿ.’

ಬೇರೆಯವರನ್ನು ನೋಡಿದೆವು. ಒಳ್ಳೆಯ ಕಂಠ, ಒಳ್ಳೆಯ ಅಭ್ಯಾಸ. ನನ್ನ ಅರ್ಥ ಮಾತ್ರ ಹಸಿ ಕಟ್ಟಿಗೆಯಂತೆ ಹೊಗೆಯಾಡಿತು. ಎರಡು ಕೂಟಗಳಾದ ಮೇಲೆ ನಾನೇ ನೆವ ಹೇಳಿ ತಪ್ಪಿಸಿಕೊಂಡೆ. ಕುಮಟೆಯ ನಮ್ಮ ತಿಂಗಳ ಭಾನುವಾರದ ಕೂಟ ನಿಂತೇ ಹೋಯಿತು. ಅತ್ತ ಮುಟ್ಟಳ್ಳಿಯಲ್ಲಿ ಮಂಜಪ್ಪನವರು ಮನೆಯೊಳಗೆ ಯಾರೂ ಹಾಡು ಹಚ್ಚದಂತೆ ಮಾಡಿದ್ದಾರೆಂದು ಸುದ್ದಿ ಬಂತು. ರೇಡಿಯೋದಲ್ಲಿ ಯಾರಾದರೂ ಬಾಯಿ ತೆರೆದರೆ ಎದ್ದು ಹೋಗಿ ಆರಿಸಿಬಿಡುತ್ತಿದ್ದರಂತೆ. ಭಜನೆಗೂ ಅದೇ ಗತಿ. ಮನುಷ್ಯ ತಾಳವನ್ನು ಬಿಟ್ಟದ್ದಲ್ಲದೆ ಕೇಳುವುದನ್ನೂ ಬಿಟ್ಟರೆ ಇನ್ನೇನು ಉಳಿದೀತು ಎಂದು ನನಗೆ ಭಯವಾಯಿತು. ಅವರನ್ನು ಮತ್ತೆ ಭಾಗವತರ ಸ್ಥಾನಕ್ಕೆ ತರುವ ದಾರಿ ನನಗೆ ತಿಳಿದಿರಲಿಲ್ಲ. ದಾರಿ ತೋರಿಸಿದವರು ಇಸ್ಮಾಯಿಲ್ ಸಾಹೇಬರು.

ಸಾಹೇಬರು ಭಟ್ಕಳದವರು, ಮಂಜಪ್ಪನವರೊಂದಿಗೆ ಪ್ರಾಥಮಿಕ ಶಾಲೆಯ ಒಂದೇ ಮಣೆಯಲ್ಲಿ ಕುಳಿತವರು. ಮುಂದೆ ಸರಕು ಹಡಗುಗಳ ಇಂಜಿನ್ ಕೋಣೆಯಲ್ಲಿ ಕೆಲಸಮಾಡಿ ಲೋಕವನ್ನೆಲ್ಲ ಅದರ ಅಡಿಯಿಂದ ಕಂಡವರು. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ನಮ್ಮ ಕೂಟಕ್ಕೆ ತಪ್ಪದೆ ಬಂದು ಕಂಬಕ್ಕೆ ಒರಗಿ ಕುಳಿತುಕೊಳ್ಳುತ್ತಿದ್ದರು. ಅವರು ದೂರವಾಣಿ ಮಾಡಿದರು.

“ಮಾಸ್ತರ್ರೆ, ನಾಳೆ ಮಂಜಪ್ಪನ್ನ ನಮ್ಮನೆಗೆ ಕರ್ಸಿದ್ದೇನೆ. ನೀವೂ ಬನ್ನಿ. ಒಂದು ಸಂಗೀತ ಕೇಳಿಸ್ಬೇಕು.”

“ಅವರು ಕೇಳುತ್ತಾರೆಯೇ?”

“ಹಾಡುವವನನ್ನ ಕಂಡ್ರೆ ಅವನಿಗೆ ಸಂಕಟ. ಹಾಡುವವನೇ ಇಲ್ದಿದ್ರೆ?”

ಮರುದಿನ ಮಧ್ಯಾಹ್ನ ಹೋದೆ. ಸಾಹೇಬರ ಮನೆಯಲ್ಲಿ ನನಗಾಗಿ ಯಾವಾಗಲೂ ಒಂದು ಎಳನೀರು ಕಾದಿರುತ್ತದೆ. ನನ್ನ ಮಡಿಯ ವಿಚಾರವನ್ನು ಅವರು ಎಂದೂ ಬಾಯಿಬಿಟ್ಟು ಕೇಳಿದವರಲ್ಲ, ಎಂದೂ ಮರೆತವರೂ ಅಲ್ಲ. ಮಂಜಪ್ಪನವರು ಗೋಡೆಗೆ ಮುಖಮಾಡಿದಂತೆ ಓರೆಯಾಗಿ ಕುಳಿತಿದ್ದರು. ಸಾಹೇಬರು ಹಲಗೆಯ ಮೇಲಿದ್ದ ಸ್ಪೀಕರ್ ಪೆಟ್ಟಿಗೆಗೆ ಆ ಪೆನ್ ಡ್ರೈವನ್ನು ಸಿಕ್ಕಿಸುತ್ತ, “ಸಮುದ್ರದಾಚೆ ಬಂದರಿನವರ ಕುಣಿತದ ಸಂಗೀತ. ಇದಕ್ಕೆ ಟಾಂಗೋ ಅಂತಾರೆ” ಎಂದರು.

ಮಂಜಪ್ಪನವರು ಪಾಟಿ ಎತ್ತಿದರು: ‘ಟಾಂಗಾ? ಕುದುರೆ ಎಲ್ಲಿ?’

“ಬತ್ತದೆ, ತಡಿ” ಎಂದರು ಸಾಹೇಬರು.

ಬಂದದ್ದು ಕುದುರೆಯಲ್ಲ, ಉಸಿರು. ಯಾರೋ ಎದೆ ತುಂಬ ಗಾಳಿ ಎಳೆದುಕೊಂಡಂತಹ ಸದ್ದು, ಅದರ ಹಿಂದೆಯೇ ನಾಲ್ಕು ಪೆಟ್ಟಿನ ಗಟ್ಟಿಯಾದ ನಡೆ. ಆ ಉಸಿರನ್ನು ನಾನು ಬಲ್ಲೆ. ಅದು ನಮ್ಮ ಪೇಟಿಯದು, ಹಾರ್ಮೋನಿಯಂನದು.

ಇಲ್ಲಿ ನಾನು ದಾರಿ ತಪ್ಪಲೇಬೇಕು, ಓದುಗರು ಕ್ಷಮಿಸಬೇಕು. ನನ್ನ ಬಾಲ್ಯದಲ್ಲಿ ನೆರೆಮನೆಯ ಭಜನೆಯ ಪೇಟಿಯ ಹಿಂದೆ ಕುಳಿತುಕೊಳ್ಳುವುದು ನನ್ನ ಪರಮ ಸುಖವಾಗಿತ್ತು. ಎದುರಿಗೆ ಕುಳಿತವರಿಗೆ ಸ್ವರ ಸಿಗುತ್ತದೆ. ಹಿಂದೆ ತಿದಿಯ ಬಳಿ ಕುಳಿತವನಿಗೆ ಗಾಳಿ. ಹಳೆಯ ತೊಗಲಿನ, ಕರ್ಪೂರದ, ಜಿರಲೆಗುಳಿಗೆಯ ಪರಿಮಳವುಳ್ಳ ಆ ಗಾಳಿ ಮುಖಕ್ಕೆ ಬಡಿಯುವಾಗ ಒಳಗೆ ಯಾವುದೋ ಮುದಿ ಪ್ರಾಣಿ ಮಲಗಿ ನಿಟ್ಟುಸಿರುಬಿಡುತ್ತಿದೆ ಎಂದು ನಾನು ನಂಬಿದ್ದೆ. ಅದಕ್ಕೆ ಹಸಿವಾದೀತೆಂದು ಒಂದು ದಿನ ತಿದಿಯ ಸಂದಿಯಲ್ಲಿ ಅವಲಕ್ಕಿ ತುರುಕಿದೆ. ಆ ವರ್ಷದ ಭಜನಾ ಸಪ್ತಾಹವೆಲ್ಲ ಮಧ್ಯಮ ಸ್ವರವಿಲ್ಲದೆ ನಡೆಯಿತು. ಆಮೇಲೆ ಶಾಸ್ತ್ರೀಯವಾಗಿ ಸಂಗೀತ ಕಲಿಯತೊಡಗಿದಾಗ ಗುರುಗಳು, ಪೇಟಿಯಲ್ಲಿ ಗಮಕವಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿಯಿಲ್ಲ, ಆದ್ದರಿಂದ ಅದು ಅಳಲಾರದ ವಾದ್ಯ ಎಂದರು. ನಾನೂ ಅಂದಿನಿಂದ ಪೇಟಿಯನ್ನು ಸ್ವಲ್ಪ ಕೆಳಗಣ್ಣಿನಿಂದ ನೋಡುತ್ತ ಬಂದೆ. ಅವಲಕ್ಕಿ ತಿನ್ನಿಸಿದವನಿಗೆ ಒಪ್ಪುವ ನಡತೆಯಲ್ಲ.

ಸಾಹೇಬರು ಫೋನಿನಲ್ಲಿ ಚಿತ್ರ ತೋರಿಸಿದರು. ಮಡಿಕೆ ಮಡಿಕೆಯಾದ ಉದ್ದನೆಯ ತಿದಿ, ಎರಡೂ ಕಡೆ ಗುಂಡಿಗಳಿರುವ ಮರದ ಪೆಟ್ಟಿಗೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಗಳಿಂದ ಹಿಗ್ಗಿಸಿ ಕುಗ್ಗಿಸುತ್ತಾರೆ. ಬಂಡೋನಿಯನ್ ಎಂದು ಹೆಸರಂತೆ. ಮೊದಲು ದೊಡ್ಡ ವಾದ್ಯ ಕೊಳ್ಳಲಾಗದ ಬಡ ಇಗರ್ಜಿಗಳ ಪ್ರಾರ್ಥನೆಗೆಂದು ಮಾಡಿದ್ದನ್ನು ಹಡಗಿನವರು ಹೊತ್ತೊಯ್ದು ಬಂದರಿನ ಬೀದಿಗೆ ಮುಟ್ಟಿಸಿದರೆಂದು ಸಾಹೇಬರು ಕೇಳಿದ್ದರು. ಪ್ರಾರ್ಥನೆಗೆ ಹುಟ್ಟಿದ್ದು ಎಲ್ಲಿ ಹೋದರೂ ಸ್ವಲ್ಪವಾದರೂ ಪ್ರಾರ್ಥಿಸುತ್ತಲೇ ಇರುತ್ತದೆ ಎಂದು ನನಗೆ ಅನ್ನಿಸಿತು. ಅದು ಅಳಲಾರದು ಎಂಬ ಮಾತನ್ನಂತೂ ಅಲ್ಲಿಯೇ ಹಿಂದಕ್ಕೆ ತೆಗೆದುಕೊಂಡೆ.

“ಹಡಗು ಲಂಗರು ಹಾಕಿದ್ರೆ ಸಂಜೆ ಒಂದು ಕಾಫಿ ಅಂಗಡಿಗೆ ಹೋಗ್ತಿದ್ದೆ” ಎಂದರು ಸಾಹೇಬರು. “ಅವರ ಭಾಷೆ ನನಗೆ ಬರುದಿಲ್ಲ, ನನ್ನದು ಅವರಿಗೆ ಬರುದಿಲ್ಲ. ಇದನ್ನ ಹಾಕ್ತಿದ್ರು. ನನಗೆ ನಮ್ಮೂರ ತೆಂಗಿನಗುಂಡಿ ಬಂದರು ಕಾಣ್ತಿತ್ತು.”

ಸಂಗೀತ ಮುಂದುವರಿದಿತ್ತು. ನಾಲ್ಕು ಬಂಡೋನಿಯನ್‌ಗಳು ಒಟ್ಟಿಗೆ ಹೆಜ್ಜೆಯಿಟ್ಟು ಬರುತ್ತವೆ, ಗತ್ತಿನಿಂದ, ನೆಂಟರ ಮನೆಗೆ ಜಗಳಕ್ಕೆ ಹೊರಟವರಂತೆ. ಪಿಟೀಲುಗಳು ಹಿಂದಿನಿಂದ ಬಂದು ಸಮಾಧಾನ ಹೇಳುತ್ತವೆ. ಇವು ಕೇಳುವುದಿಲ್ಲ. ಪಿಯಾನೊ ನಡುವೆ ಎರಡು ಮಾತಾಡಿ ಸರಿಯುತ್ತದೆ. ಆಮೇಲೆ ಯಾರಿಗೆ ಕೋಪವಿತ್ತು, ಯಾರಿಗೆ ದುಃಖವಿತ್ತು ಎಂಬುದೇ ತಿಳಿಯದ ಹಾಗೆ ಎಲ್ಲವೂ ಒಂದರ ಹೆಗಲ ಮೇಲೊಂದು ಕೈಯಿಡುತ್ತವೆ. ಕೊನೆಯಲ್ಲಿ ಎರಡೇ ಪೆಟ್ಟು, ಮೊದಲನೆಯದು ಗಟ್ಟಿ, ಎರಡನೆಯದು ಮೆತ್ತಗೆ, ಸಿಟ್ಟಿನಿಂದ ಹೊರಗೆ ಹೋದವನು ಮಲಗಿದ ಮಗುವಿನ ನೆನಪಾಗಿ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ ಹಾಗೆ.

ಇಷ್ಟನ್ನು ನಾನು ಈಗ ನಿಮಗೆ ಹೇಳುತ್ತಿದ್ದೇನೆ. ಅಂದು ಸಂಗೀತ ನಡೆಯುತ್ತಿರುವಾಗಲೇ ಗಟ್ಟಿಯಾಗಿ ಹೇಳಿದೆ. ಪದ್ಯ ಕೇಳಿದರೆ ಅರ್ಥ ಹೇಳುವುದು ನನಗೆ ರಕ್ತಗತವಾದ ಚಾಳಿ. ಇಲ್ಲಿ ಪದ್ಯಕ್ಕೆ ಮಾತೇ ಇಲ್ಲದ್ದರಿಂದ ನನ್ನ ಬಾಯಿಗೆ ಅಡ್ಡಿಯೂ ಇರಲಿಲ್ಲ. ಇವಳು ಹೆಂಡತಿ, ಇವನು ಗಂಡ, ಇದು ನದಿ, ಇದು ನಿಟ್ಟುಸಿರು ಎಂದು ಸ್ವರ ಸ್ವರಕ್ಕೂ ಭಾಷ್ಯ ಬರೆಯುತ್ತಿದ್ದೆ. ಮೂರನೆಯ ಹಾಡಿಗೆ ಮಂಜಪ್ಪನವರು ಪಾಟಿಯನ್ನು ನನ್ನ ಮೂಗಿನ ಮುಂದೆ ಹಿಡಿದರು.

‘ನಿಮ್ಮ ಮಾತು ಮುಗಿಯೂಕೆ ನಾ ಮೂವತ್ತು ವರ್ಷ ಕಾದೆ. ಪಾಪ, ಅವ್ರೂ ಕಾಯ್ಬೇಕಾ?’

ಸಾಹೇಬರು ನಕ್ಕ ನಗೆಗೆ ಒಳಗಿನಿಂದ ಅವರ ಮಡದಿ ಏನಾಯಿತೆಂದು ಕೇಳಿದರು. ನಾನೂ ನಕ್ಕೆ, ಬಾಯಿ ಮುಚ್ಚಿದೆ. ಮುಚ್ಚಿದ ಮೇಲೆ ಕಂಡೆ: ಮಂಜಪ್ಪನವರ ಬಲಗೈಯ ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ಗೋಡೆಯತ್ತ ಇದ್ದ ಮುಖ ಪೂರ್ತಿ ಪೆಟ್ಟಿಗೆಯತ್ತ ತಿರುಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವರು ಬರೆದರು: ‘ಮದ್ದಳೆ ಎಲ್ಲಿ?’

“ಇಲ್ಲ. ಇವರಲ್ಲಿ ಚರ್ಮದ ವಾದ್ಯವೇ ಇಲ್ಲ” ಎಂದರು ಸಾಹೇಬರು.

ನಂಬದೆ ಇನ್ನೊಮ್ಮೆ ಹಾಕಿಸಿದರು. ಮತ್ತೂ ಒಮ್ಮೆ ಹಾಕಿಸಿದರು. ಕಣ್ಣು ಮುಚ್ಚಿ ಕೇಳಿ, ನಿಧಾನವಾಗಿ ಬರೆದರು: ‘ತಾಳ ಎಲ್ಲರ ಹತ್ರವೂ ಉಂಟು. ಹಂಗಾಗಿ ಮದ್ದಳೆಯವ ಬೇಡ.’ ನಾಲ್ಕು ದಶಕ ಸಂಗೀತ ಕೇಳಿದ ನನಗೆ ಹೊಳೆಯದ್ದು ಅವರಿಗೆ ಮೂರು ಸಲ ಕೇಳಿದ್ದಕ್ಕೆ ಹೊಳೆಯಿತು.

ಆಗ ನಾನು ಕೇಳಿಯೇಬಿಟ್ಟೆ. “ಈ ಸಂಗೀತವನ್ನೇ ಪದ್ಯವೆಂದು ಇಟ್ಟುಕೊಂಡು ಕುಮಟೆಯಲ್ಲಿ ಒಂದು ಕೂಟ ಮಾಡಿದರೆ ಹೇಗೆ? ಎಲ್ಲಿ ಯಾವ ಪದ್ಯ, ಎಲ್ಲಿ ನಿಲ್ಲಬೇಕು, ಯಾರು ಮಾತಾಡಬೇಕು, ಎಲ್ಲವನ್ನೂ ನೀವು ತಾಳದಲ್ಲಿ ತೋರಿಸಬೇಕು. ಭಾಗವತರು ನೀವೇ.”

ಅವರು ಪಾಟಿಯನ್ನು ಕವುಚಿಟ್ಟರು. ಎದ್ದು ಚಪ್ಪಲಿ ಮೆಟ್ಟಿ ಬಾಗಿಲ ತನಕ ಹೋದರು. ತಿರುಗಿ ಬಂದು ಬರೆದರು: ‘ನಾ ತಾಳ ನೆಲಕ್ಕೆ ಇಡುವ ತನಕ ಮಾಸ್ತರ್ರು ಬಾಯಿ ಬಿಡೂಕಿಲ್ಲ. ಆತಾ?’

“ಆತು” ಎಂದೆ. ಆ ಕ್ಷಣದಲ್ಲಿ ಮೌನವ್ರತ ಕೇಳಿದ್ದರೂ ಒಪ್ಪುತ್ತಿದ್ದೆ.

ಮುಂದಿನ ಆರು ವಾರ ಅವರು ವಾರಕ್ಕೆರಡು ಬಾರಿ ಮುಟ್ಟಳ್ಳಿಯಿಂದ ಸಾಹೇಬರ ಮನೆಗೆ ಬಂದು ನೂರಾರು ಹಾಡುಗಳಲ್ಲಿ ಏಳನ್ನು ಆರಿಸಿದರು. ಪ್ರಸಂಗ ನಮಗೆಲ್ಲ ಗೊತ್ತಿರುವುದೇ: ಹುಟ್ಟಿದಾಗಲೇ ನೀರಿಗೆ ಬಿಟ್ಟ ಮಗನನ್ನು ತಾಯಿ ಯುದ್ಧದ ಹಿಂದಿನ ದಿನ ಹುಡುಕಿಕೊಂಡು ಬಂದು, ತನ್ನ ಕಡೆಗೆ ಬಾ ಎಂದು ಬೇಡುವುದು. ಮಾತಿಲ್ಲದ, ದೂರದ ಬಂದರಿನವರ ಸಂಗೀತದಲ್ಲಿ ಈ ಕಥೆ ಎಲ್ಲಿ ಅಡಗಿತ್ತೋ ನಾನರಿಯೆ. ಆದರೆ ಅವರು ಕಾಗದದಲ್ಲಿ ಕ್ರಮ ಬರೆದುಕೊಟ್ಟಾಗ ಅಲ್ಲಿ ತಾಯಿಯ ನಡಿಗೆಯಿತ್ತು, ಮಗ ಗುರುತಿಸದೆ ನಿಂತ ಹೊತ್ತಿತ್ತು, ಬೇಡಿಕೆಯಿತ್ತು, ನಿರಾಕರಣೆಯಿತ್ತು.

ಕೂಟ ನಡೆದದ್ದು ಕುಮಟೆಯ ಸುಮಿತ್ರಾ ಅಕ್ಕೋರ ಮನೆಯ ಜಗಲಿಯಲ್ಲಿ, ಭಾನುವಾರ ಮೂರು ಗಂಟೆಗೆ. ನಮ್ಮ ಕಡೆ ಶಾಲೆ ಕಲಿಸುವ ಗಂಡಸು ಮಾಸ್ತರನಾದರೆ ಹೆಂಗಸು ಅಕ್ಕೋರು. ಅವರು ತಾಯಿಯ ಪಾತ್ರಕ್ಕೆ, ನಾನು ಮಗನ ಪಾತ್ರಕ್ಕೆ. ಮೂವತ್ತು ನಲವತ್ತು ಜನ ಬಂದಿದ್ದರು, ಹೆಚ್ಚಿನವರು ಕುತೂಹಲಕ್ಕೆ. ಮಂಜಪ್ಪನವರು ಕುತ್ತಿಗೆಗೆ ಬಿಳಿಯ ಶಾಲು ಸುತ್ತಿಕೊಂಡು ನಡುವೆ ಕುಳಿತರು. ಬೆವರು ಶಾಲನ್ನೂ ದಾಟಿ ಇಳಿಯುತ್ತಿತ್ತು. ತಾಳದ ಬಟ್ಟಲುಗಳನ್ನು ಎರಡೆರಡು ಸಲ ಪಂಚೆಗೆ ಒರೆಸಿಕೊಂಡರು. ಹಿಂದಿನ ಸಾಲಿನಿಂದ ಯಾರೋ, “ಬಾಯಿಲ್ದೆ ಎಂತ ಭಾಗವತಿಕೆಯೋ” ಎಂದದ್ದು ನನಗೂ ಕೇಳಿಸಿತು, ಅವರಿಗೂ ಕೇಳಿಸಿತು. ಅಂದು ಕೂಟ ಸೋತಿದ್ದರೆ ಅವರು ಇನ್ನೆಂದೂ ಆ ಜಾಗದಲ್ಲಿ ಕೂರುತ್ತಿರಲಿಲ್ಲ.

ಅವರು ಕಣ್ಸನ್ನೆ ಮಾಡಿದರು. ಸಾಹೇಬರು ಗುಂಡಿ ಒತ್ತಿದರು.

ಮೊದಲ ನಾಲ್ಕು ಪದ್ಯಗಳು ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಸಾಗಿದವು. ಹಾಡು ಮುಗಿಯುತ್ತದೆ, ಮೆತ್ತನೆಯ ಆ ಕೊನೆಯ ಪೆಟ್ಟಿಗೆ ಸರಿಯಾಗಿ ಮಂಜಪ್ಪನವರು ತಾಳ ಮುಟ್ಟಿಸುತ್ತಾರೆ, ತಾಳವನ್ನು ನೆಲಕ್ಕಿಟ್ಟು ನಮ್ಮಲ್ಲಿ ಒಬ್ಬರ ಕಡೆ ನೋಡುತ್ತಾರೆ. ಜನ ಪಿಸುಗುಟ್ಟುವುದನ್ನು ಬಿಟ್ಟರು. ಐದನೆಯದು ಬೇಡಿಕೆಯ ಪದ್ಯ. ಅದಕ್ಕೆ ಮುಂಚೆ ಅಕ್ಕೋರು ತಾಯಿಯಾಗಿ ಹೇಳಿದ್ದು ಚಿಕ್ಕದು: “ಮಗನೇ, ನಿನಗೆ ಹಾಲು ಕೊಡದವಳು ಬಂದು ನಿನ್ನ ಹತ್ತಿರ ಭಿಕ್ಷೆ ಕೇಳ್ತಿದ್ದೇನೆ.” ಪದ್ಯ ಆರಂಭವಾಯಿತು. ಬಂಡೋನಿಯನ್‌ಗಳು ಏರುತ್ತ ಏರುತ್ತ ಹೋಗಿ, ಒಮ್ಮೆಲೇ, ಎಲ್ಲವೂ ನಿಂತವು.

ಮುಗಿಯಿತೆಂದು ತಿಳಿದೆ. ಕಣ್ಣುಗಳಲ್ಲಿ ನೀರಿದ್ದುದರಿಂದ ತಾಳ ಇನ್ನೂ ಕೈಯಲ್ಲಿರುವುದು ಕಾಣಲಿಲ್ಲ. ಮೂವತ್ತು ವರ್ಷದ ಚಾಳಿ ಬಾಯಿ ತೆರೆಯಿತು.

“ಅಮ್ಮಾ,” ಎಂದೆ.

ಆ ಹಾಡು ಮುಗಿದಿರಲಿಲ್ಲ. ಅದು ವಾದಕರು ನಡುವೆ ಹಿಡಿದ ಉಸಿರು. ನನ್ನ ಮಾತಿನ ಬೆನ್ನಿಗೆ ಒಂದೇ ಒಂದು ಪಿಟೀಲು, ಬಹಳ ಕೆಳಗಿನ ಸ್ವರದಿಂದ, ಎದ್ದುಬಂತು. ಜಗಲಿಯಲ್ಲಿದ್ದವರಿಗೆಲ್ಲ ಮಗನ ಮಾತಿಗೆ ತಾಯಿ ಓಗೊಟ್ಟಂತೆಯೇ ಕೇಳಿಸಿತು. ಅಕ್ಕೋರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ತಪ್ಪು ಮಾಡಿದವನಂತೆ ಮಂಜಪ್ಪನವರ ಕಡೆ ನೋಡಿದೆ. ಅವರಲ್ಲಿ ಸಿಟ್ಟಿರಲಿಲ್ಲ. ಎಡಗೈಯನ್ನು ಸ್ವಲ್ಪವೇ ಎತ್ತಿ, ಇರಲಿ, ಕೇಳಿ ಎಂದು ತೋರಿಸಿದರು.

ಪಿಟೀಲು ಹೇಳಬೇಕಾದದ್ದನ್ನು ಹೇಳಿತು. ವಾದ್ಯಗಳೆಲ್ಲ ಕೂಡಿಕೊಂಡವು, ಹಾಡು ಮುಗಿಯಿತು. ಮಂಜಪ್ಪನವರು ತಾಳವನ್ನು ನೆಲಕ್ಕಿಟ್ಟು ನನ್ನತ್ತ ತಿರುಗಿದರು. ಈಗ ನನ್ನ ಸರದಿ. ಅದಕ್ಕಾಗಿ ನಾನು ಒಂದು ತಿಂಗಳಿಂದ ಸಿದ್ಧಪಡಿಸಿದ್ದ ಅರ್ಥವಿತ್ತು. ಕುಲದ ಮೇಲೆ, ಋಣದ ಮೇಲೆ, ಅನ್ನದ ಮೇಲೆ, ಉಪಮೆಗಳೊಂದಿಗೆ, ಕಡಿಮೆಯೆಂದರೂ ಅರ್ಧ ಗಂಟೆಯದು. ಬಾಯಿ ತೆರೆದೆ. ಹೇಳಲು ಉಳಿದದ್ದು ಯಾವುದೂ ಇಲ್ಲ ಎಂಬುದು ಆಗ ತಿಳಿಯಿತು. ಕೈ ಮುಗಿದು ತಲೆ ಬಗ್ಗಿಸಿದೆ.

ಮಂಜಪ್ಪನವರು ಕಾದರು. ಜಗಲಿಯವರೆಲ್ಲ ಕಾದರು. ಆಮೇಲೆ ಅವರು ಮೆಲ್ಲನೆ ತಾಳವನ್ನೆತ್ತಿಕೊಂಡು ಮುಂದಿನ ಪದ್ಯಕ್ಕೆ ಸನ್ನೆ ಮಾಡಿದರು.

ಕೂಟ ಮುಗಿದಾಗ ಇನ್ನೂ ಬಿಸಿಲಿತ್ತು. ಜನ ಬೇಗನೆ ಏಳಲಿಲ್ಲ. ಸಾಹೇಬರು ಪೆನ್ ಡ್ರೈವನ್ನು ಕಿತ್ತು, ಇಟ್ಟುಕೊಳ್ಳಿ ಎಂದು ನನ್ನ ಕೈಗಿತ್ತರು. ಹಿಂದಿನ ಸಾಲಿನಲ್ಲಿ ಮಾತಾಡಿದ್ದ ಗೃಹಸ್ಥರು ಮುಂದೆ ಬಂದು ಮಂಜಪ್ಪನವರ ಎರಡೂ ಕೈ ಹಿಡಿದುಕೊಂಡು ಹಾಗೆಯೇ ನಿಂತರು. ಅಕ್ಕೋರು ನನಗೆ ಚಹಾ ಕೊಡುತ್ತ, “ಮಾಸ್ತರ್ರೆ, ಇವತ್ತು ನಮ್ಮನೆ ಗೋಡೆ ಗಡಿಯಾರಕ್ಕೆ ಅವಮಾನ ಆತು ನೋಡಿ. ನೀವು ಮಾತಾಡೂಕೆ ಕೂತಾಗ ಯಾರೂ ಅದನ್ನ ನೋಡಿಲ್ಲ” ಎಂದರು.

ನಾನು ಮಂಜಪ್ಪನವರ ಬಳಿ ಹೋಗಿ ಕುಳಿತೆ. “ತಪ್ಪಾಯಿತು. ನೀವು ತಾಳ ಇಡುವ ಮುಂಚೆ ಬಾಯಿ ಹಾಕಿದೆ” ಎಂದೆ. ಅವರು ಪಾಟಿಯನ್ನು ಶಾಲಿನ ಅಂಚಿನಿಂದ ಒರೆಸಿ, ಬಹಳ ಹೊತ್ತು ಬರೆದರು. ಹೊಗಳಿಕೆಯೋ ಬೈಗುಳವೋ ಎಂದು ನಾನು ಕತ್ತು ಚಾಚಿ ಕಾದೆ. ಎರಡೂ ಅಲ್ಲ. ಮೂವತ್ತು ವರ್ಷಗಳಿಂದ ಪ್ರತಿ ಕೂಟದ ಕೊನೆಯಲ್ಲಿ ಅವರು ಬಾಯಲ್ಲಿ ಹೇಳುತ್ತಿದ್ದ, ಭಾಗವತರಲ್ಲದೆ ಬೇರೆ ಯಾರೂ ಹೇಳಬಾರದ ಮಾತನ್ನು ಅವರು ಬರೆದಿದ್ದರು.

‘ಮುಂದಿನ ತಿಂಗಳ ಪ್ರಸಂಗ ನಾ ಹೇಳ್ತೆ. ಪಾತ್ರ ನಾ ಹಂಚ್ತೆ. ಮಾಸ್ತರ್ರಿಗೆ ದೂತನ ಪಾತ್ರ. ಮೂರೇ ಮಾತು.’

ದೂತನ ಪಾತ್ರವನ್ನು ನಾನು ಶಿರಸಾ ವಹಿಸಿದ್ದೇನೆ.

ಮಂಜಪ್ಪ ನಾಯ್ಕರಿಗೆ ಆಯುಸ್ಸು ದೀರ್ಘವಾಗಲಿ, ಅವರ ಕೈಯ ತಾಳ ಎಂದೂ ತಪ್ಪದಿರಲಿ. ಇಸ್ಮಾಯಿಲ್ ಸಾಹೇಬರ ಮನೆಗೆ ಬರಕತ್ತು ಇರಲಿ, ಅವರ ಮನೆಯ ಬಾಗಿಲು ಹೀಗೆಯೇ ತೆರೆದಿರಲಿ. ಅಕ್ಕೋರ ಜಗಲಿ ಕೂಟದಿಂದ ಕೂಟಕ್ಕೆ ತುಂಬಲಿ. ಹಿಂದಿನ ಸಾಲಿನವರು ಮುಂದಿನ ಸಾಲಿಗೆ ಬರಲಿ. ನನ್ನ ಮಡದಿಗೆ ಮುತ್ತೈದೆತನವೂ ನನ್ನನ್ನು ಸಹಿಸುವ ಶಕ್ತಿಯೂ ಅಷ್ಟೇ ಕಾಲ ಇರಲಿ. ಹೆಸರು ತಿಳಿಯದ ಆ ಹತ್ತು ಹನ್ನೊಂದು ಜನ ವಾದಕರು ಯಾವ ಲೋಕದಲ್ಲಿದ್ದರೂ ಅಲ್ಲಿ ಅವರಿಗೆ ಕುರ್ಚಿಗಳಿರಲಿ, ವಾದ್ಯಗಳಿರಲಿ. ತಮ್ಮ ಹಾಡಿಗೆ ಕುಮಟೆಯ ಒಂದು ಜಗಲಿಯಲ್ಲಿ ಅರ್ಥ ಸಿಕ್ಕಿತೆಂಬ ಸುದ್ದಿ ಅವರಿಗೆ ಮುಟ್ಟಲಿ. ಇದನ್ನು ಇಲ್ಲಿಯವರೆಗೆ ತಾಳ್ಮೆಯಿಂದ ಓದಿದ ನಿಮಗೂ ಒಳ್ಳೆಯದಾಗಲಿ.